ಒಡೆದ ಫೋನಿಗೆ ಬಂದ ಕರೆ

ನಮ್ಮತ್ತೆಗೆ ಬಾಯಿಪಾಠವಾಗಿದ್ದ ಫೋನ್ ನಂಬರು ಒಂದೇ, ಮಾವನದು. ಅತ್ತೆಗೂ ಒಂದು ಫೋನು ತೆಗೆದುಕೊಡುತ್ತೇವೆಂದರೆ ಅವರು ಒಪ್ಪುತ್ತಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡು, "ತಿಂಡಿ ನನ್ ತಂಗಿ ಮನೇಲೇ ತಿಂತೀನಿ ಬುಡು" ಎಂದು ತಿಪಟೂರಿಗೆ ಹೊರಟರು. ಮಾಯಸಂದ್ರದಲ್ಲಿ ಬಸ್ಸು ಹತ್ತಿಸಿದವಳು ನಾನೇ; ದಾರಿಯಲ್ಲಿ ಅವರು ಇನ್ನೊಂದು ಬಸ್ಸಿಗೆ ಬದಲಾಯಿಸಬೇಕಿತ್ತು. ಕಿಟಕಿಯಿಂದ ಎರಡು ಬಾಳೆಹಣ್ಣು ಕೊಟ್ಟೆ. ಬಸ್ಸು ಹೊರಡುವ ಮೊದಲೇ ಅವನ್ನು ಪಕ್ಕದ ಸೀಟಿನ ಮಗುವಿನ ಕೈಗಿಟ್ಟಿದ್ದರು.

ಮನೆಗೆ ಬಂದಾಗ ಮಾವ ಕೊಬ್ಬರಿ ಅಟ್ಟದ ಏಣಿಯ ಬುಡದಲ್ಲಿ ನಿಂತು ಪಂಚೆಯ ತುದಿಯಿಂದ ಫೋನು ಒರೆಸುತ್ತಿದ್ದರು. ಬಗ್ಗಿದಾಗ ಜೇಬಿನಿಂದ ಜಾರಿ ಕಲ್ಲುಚಪ್ಪಡಿಗೆ ಬಿದ್ದಿತ್ತಂತೆ. ಗಾಜು ಪುಡಿಯಾಗಿ ಮೇಲ್ಭಾಗದಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ಕೆಳಗೆ ಬೆಳಕೇನೋ ಇತ್ತು, ಆದರೆ ಎಲ್ಲಿ ಒತ್ತಿದರೂ ಕೇಳುತ್ತಿರಲಿಲ್ಲ.

"ಸಂತೆಗೆ ಹೋದಾಗ ಮಾಡಿಸಿದ್ರಾಯ್ತು" ಎಂದು ಅದನ್ನು ಗೂಡಿನಲ್ಲಿಟ್ಟರು.

ಮಧ್ಯಾಹ್ನದ ಅಡಿಗೆಗೆ ಕೂತಿದ್ದಾಗ ಗೂಡಿನಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಓಡಿ ಹೋಗಿ ನೋಡಿದೆ. ಯಾರೆಂಬುದು ಮಸಿಯಡಿ ಮುಚ್ಚಿಹೋಗಿತ್ತು. ಹಸಿರು ಗುಂಡಿ ಕಾಣುತ್ತಿತ್ತು, ಎಳೆದರೆ ಸರಿಯುತ್ತಿರಲಿಲ್ಲ. ಸುಮ್ಮನಾಯಿತು. ಮತ್ತೆ ಬಡಿದುಕೊಂಡಿತು, ಮತ್ತೆ ಸುಮ್ಮನಾಯಿತು. ಅಷ್ಟರಲ್ಲಿ ನನ್ನ ಫೋನಿಗೆ ಅತ್ತೆಯ ತಂಗಿ ಕರೆ ಮಾಡಿದರು.

"ಅಕ್ಕ ಇನ್ನೂ ಬಂದಿಲ್ವಲ್ಲಮ್ಮ, ಹೊರಟವ್ಳೋ ಇಲ್ವೋ?"

ಅತ್ತೆಗೆ ಇಂಜೆಕ್ಷನ್ ಆಗಿತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಕ್ಕರೆ ಇಳಿದರೆ ಅತ್ತೆ ತೊದಲುತ್ತಾರೆ, ಯಾವ ಊರು ಯಾವ ಕೇರಿ ಎಂಬುದೇ ಮರೆಯುತ್ತದೆ. ಎಲ್ಲೋ ಯಾರೋ ಅವರನ್ನು ಕೂರಿಸಿಕೊಂಡು ಆ ಒಂದೇ ನಂಬರಿಗೆ ಕರೆ ಮಾಡಿದ್ದಾರೆ, ನಾವು ಎತ್ತಿಲ್ಲ. ಮಾವನಿಗೂ ಅದೇ ಹೊಳೆದಿರಬೇಕು. ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ನನ್ನ ಸ್ಕೂಟರಿನ ಹಿಂದೆ ಕೂತರು.

ಮಾಯಸಂದ್ರದ ಮೊಬೈಲ್ ಅಂಗಡಿಯವರು ಮೊದಲು ಸಿಮ್ ತೆಗೆದು ತಮ್ಮ ಫೋನಿಗೆ ಹಾಕಿ ಎದುರಿಗಿಟ್ಟರು.

"ಮತ್ತೆ ಮಾಡಿದ್ರೆ ಇದಕ್ಕೆ ಬರುತ್ತೆ ಅಕ್ಕ. ಆಗ್ಲೇ ಮಾಡಿರೋ ನಂಬರ್ ಮಾತ್ರ ಸಿಮ್ಮಲ್ಲಿರಲ್ಲ, ಒಡೆದಿರೋ ಫೋನಲ್ಲೇ ಇರೋದು. ಹೊಸ ಡಿಸ್‌ಪ್ಲೇ ನನ್ ಹತ್ರ ಇಲ್ಲ. ನಾಳೆ ತರಿಸ್ಬೇಕು."

"ನಾಳೆಗಂಟ ಆಗಲ್ಲ ಕಣಪ್ಪ" ಎಂದರು ಮಾವ.

ಅಂಗಡಿಯವರು ತಮ್ಮ ಕಂಪ್ಯೂಟರಿನ ಮೌಸ್ ಕಿತ್ತು, ಅದರ ತುದಿಗೆ ಫೋನಿಗೆ ಹೊಂದುವ ಸಣ್ಣದೊಂದು ಪಿನ್ ಹಾಕಿ ಒಡೆದ ಫೋನಿಗೆ ಸಿಕ್ಕಿಸಿದರು. ಬಿರುಕುಗಳ ನಡುವೆ ಪುಟ್ಟ ಬಾಣದ ಗುರುತು ಓಡಾಡಿತು. ಆದರೆ ಬೀಗ ತೆಗೆಯುವ ಒಂಬತ್ತು ಚುಕ್ಕಿ ಎದುರಾದವು.

"ಪ್ಯಾಟರ್ನ್ ಹೇಳಿ ಯಜಮಾನ್ರೇ."

ಮಾವನಿಗೆ ದಿನವೂ ಬೆರಳು ಎಳೆಯುತ್ತಿದ್ದ ಗೆರೆ ಅದು, ಹೇಳಿ ರೂಢಿಯಿಲ್ಲ. ಮೌಸ್ ಹಿಡಿದರೆ ಬಾಣ ಎತ್ತಲೋ ಓಡುತ್ತಿತ್ತು. ತಪ್ಪು. ಮತ್ತೆ ತಪ್ಪು. ಕೊನೆಗೆ ಸ್ವಲ್ಪ ಹೊತ್ತು ಕಾಯಿರಿ ಎಂದು ಫೋನು ಮುಷ್ಕರ ಹೂಡಿತು. ಎದುರಿಗಿದ್ದ ಇನ್ನೊಂದು ಫೋನು ಬಡಿದುಕೊಳ್ಳಲಿಲ್ಲ.

"ಮಾವ, ನನ್ ಕೈ ಮೇಲೆ ಎಳೀರಿ" ಎಂದು ಅಂಗೈ ಚಾಚಿದೆ.

ಮಾವ ಹಿಂಜರಿದರು. ನಾನು ಸೊಸೆಯಾಗಿ ಬಂದಾಗಿನಿಂದ ನೀರಿನ ಲೋಟವನ್ನೂ ಕೈಯಿಂದ ಕೈಗೆ ತೆಗೆದುಕೊಂಡವರಲ್ಲ, ಪಕ್ಕದಲ್ಲಿಡು ಎನ್ನುತ್ತಿದ್ದವರು. ಆಮೇಲೆ ಕಣ್ಣು ಮುಚ್ಚಿ, ಒರಟು ಬೆರಳಿನಿಂದ ನನ್ನ ಅಂಗೈಯಲ್ಲಿ ಕೆಳಗಿಳಿದು, ಅಡ್ಡ ಹೋಗಿ, ಓರೆಯಾಗಿ ಮೇಲಕ್ಕೆ ಎಳೆದರು. "ಇನ್ನೊಂದ್ಸಲ" ಎಂದೆ. ಎಳೆದರು. ಮೌಸ್ ಹಿಡಿದು ಅದನ್ನೇ ಚುಕ್ಕಿಗಳ ಮೇಲೆ ಎಳೆದೆ. ಬೀಗ ತೆರೆಯಿತು.

ಬಂದ ಕರೆಗಳ ಪಟ್ಟಿ ತೆರೆದರೆ ಮಸಿಯ ಅಂಚಿಗೆ ಆತುಕೊಂಡಂತೆ ಕೆಂಪು ಅಕ್ಷರದ ನಂಬರು ಇತ್ತು. ಅಂಗಡಿಯವರು ಓದಿದರು, ನಾನು ನನ್ನ ಫೋನಿನಲ್ಲಿ ಒತ್ತಿದೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಎತ್ತಿದಾಗ ಹೆಂಗಸಿನ ದನಿ.

"ಬಿಳಿಗೆರೆಯಿಂದ ಕಣ್ರೀ. ಅಜ್ಜಿಯೊಬ್ರು ತಪ್ಪು ಬಸ್ಸಿಗೆ ಹತ್ತಿ ಇಲ್ಲಿಳ್ಕಂಡವ್ರೆ ಅನ್ಸುತ್ತೆ. ನೀವ್ ಎತ್ಲಿಲ್ಲ, ಅಜ್ಜಿ ನಂಬರ್ ತಪ್ಪು ಹೇಳ್ತಾವ್ರೆ ಅಂದ್ಕಂಡು ಸುಮ್ನಾದೆ. ಜಗಲಿ ಮೇಲೆ ಮಲಗವ್ರೆ. ಮೈಯೆಲ್ಲ ಬೆವರು."

"ಕರೆದ್ರೆ ಮಾತಾಡ್ತಾರಾ? ನುಂಗ್ತಾರಾ?"

"ಊಂ ಅಂತಾರೆ."

"ಎಬ್ಬಿಸಿ ಕೂರಿಸ್ಕಂಡು ಸಕ್ಕರೆ ನೀರು ಕುಡಿಸ್ರೀ! ಸ್ವಲ್ಪ ಸ್ವಲ್ಪನೇ. ಫೋನ್ ಇಡ್ಬೇಡಿ!"

ಚಮಚ ಪಾತ್ರೆಗೆ ತಾಗುವ ಸದ್ದು ಕೇಳಿಸಿತು. "ಬಾಯ್ ಬುಡಜ್ಜಿ, ಬಾಯ್ ಬುಡು." ಆಮೇಲೆ ಕೋಳಿಯೊಂದು ಕೂಗಿದ್ದು ಬಿಟ್ಟರೆ ಏನೂ ಇಲ್ಲ. ಮಾವ ಅಂಗಡಿಯ ಬಾಗಿಲ ಚೌಕಟ್ಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ ತಿಳಿಯದು.

"ಕುಡಿದ್ರು. ಕಣ್ ಬಿಟ್ರು ಕಣ್ರೀ" ಎಂದಳು ಆಕೆ. ಹಿಂದಿನಿಂದ ಅತ್ತೆಯ ಕ್ಷೀಣ ದನಿ, ಇದು ಯಾರ ಮನೆ ಎಂದು ಕೇಳುತ್ತಿತ್ತು.

ಹೇಳಲು ಮಾವನತ್ತ ತಿರುಗಿದರೆ, ಬಿಳಿಗೆರೆ ಎಂದದ್ದು ಕೇಳಿಸಿತ್ತೇನೋ, ಅವರು ಆಗಲೇ ರಸ್ತೆಗಿಳಿದು ತಿಪಟೂರಿನ ಕಡೆ ಹೊರಟಿದ್ದ ಗೂಡ್ಸ್ ಆಟೋಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ಸ್ಕೂಟರನ್ನು ಅಲ್ಲೇ ಬಿಟ್ಟು ನಾನೂ ಹತ್ತಿ, ಅತ್ತೆಯ ತಂಗಿಗೆ ಫೋನು ಮಾಡಿದೆ. ಬಿಳಿಗೆರೆ ತಲುಪುವಷ್ಟರಲ್ಲಿ ಅತ್ತೆಯ ತಂಗಿಯ ಮನೆಯವರು ಬಂದಿದ್ದರು. ಅತ್ತೆ ಜಗಲಿಯ ಕಂಬಕ್ಕೊರಗಿ ಆ ಹೆಂಗಸು ಕೊಟ್ಟ ಉಪ್ಪಿಟ್ಟು ತಿನ್ನುತ್ತಿದ್ದರು. ಮಾವ ಅವರ ಪಕ್ಕದಲ್ಲಿ ಕೂತರು. ಅತ್ತೆ ತಟ್ಟೆಯನ್ನು ಅವರ ಕಡೆಗೆ ಸರಿಸಿ, "ನೀವೂ ಉಂಡಿಲ್ಲ ಅಲ್ವಾ?" ಎಂದರು.