ಬಾಯಿಬಿಟ್ಟು ಹೇಳಬೇಕಾಗಿ ಬಂದ ಹೆಸರು

ಅಕ್ಕ ತೀರಿಹೋದದ್ದು ಎಂಬತ್ತರ ದಶಕದ ಮೊದಲಲ್ಲಿ, ಯಶವಂತಪುರದ ನಮ್ಮ ಮನೆಯಲ್ಲೇ. ಮರಣ ಪ್ರಮಾಣಪತ್ರ ಕೈಗೆ ಬಂದಾಗ ಅವಳ ಹೆಸರಿನ ಮುಂದೆ ‘ಕೋಂ’ ಅಂತ ಹಾಕಿ, ಆರು ವರ್ಷದ ಹಿಂದೆಯೇ ವಿಚ್ಛೇದನವಾಗಿದ್ದ ಗಂಡನ ಹೆಸರು ಬರೆದಿದ್ದರು. ಇಂಥವರ ಹೆಂಡತಿ ಎನ್ನುವುದಕ್ಕೆ ಕಚೇರಿಯವರ ಮಾತು ಅದು. ಯಾವುದೋ ಹಳೇ ಆಸ್ಪತ್ರೆ ಚೀಟಿ ನೋಡಿ ಬರೆದರಂತೆ.

“ಸತ್ತ ಮೇಲೂ ಅವನ ಹೆಂಡ್ತೀನಾ ಇವಳು? ತೆಗೆಸೇ ಅದನ್ನ,” ಎಂದು ಅಮ್ಮ ಹಟ ಹಿಡಿದಳು. ತೆಗೆಸಲು ಕೋರ್ಟಿನ ತೀರ್ಪಿನ ನಕಲು ಬೇಕು. ಅಕ್ಕನ ಪೆಟ್ಟಿಗೆಯಲ್ಲಿ ಅದಿರಲಿಲ್ಲ.

ಬಸ್ ಹತ್ತಿ ಕೋರ್ಟಿಗೆ ಹೋದೆ. ಕೇಸ್ ನಂಬರ್ ಗೊತ್ತಿರಲಿಲ್ಲ. ಅಕ್ಕನ ಹೆಸರಿನ ಜೊತೆ ಅಪ್ಪನ ಹೆಸರು ಹೇಳಿ ಎರಡು ದಿನ ರಿಜಿಸ್ಟರ್ ಹುಡುಕಿಸಿದೆ, ಸಿಗಲಿಲ್ಲ. ವಯಸ್ಸಾದ ಗುಮಾಸ್ತರು ಕನ್ನಡಕ ತೆಗೆದರು.

“ಗಂಡ ಹೆಂಡ್ತಿ ಕೇಸಲ್ಲಿ ಅಪ್ಪನ ಹೆಸರು ತಗೊಂಡ್ ಏನ್ ಮಾಡ್ಲಮ್ಮಾ? ಗಂಡನ ಹೆಸರು ಹೇಳು.”

ನಮ್ಮ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಬೀದಿಯಲ್ಲಿ ಸೊಪ್ಪು ಮಾರುವವನಿಗೂ ಪಾಪ ಅದೇ ಹೆಸರು, ಅವನನ್ನು ಸೊಪ್ಪಿನಣ್ಣ ಅಂತಲೇ ಕರೆಯುತ್ತಿದ್ದೆವು. ಹೇಳಿದೆ. ಬಾಯಿ ತೊಳೆದುಕೊಳ್ಳಬೇಕು ಅನ್ನಿಸಿತು. ಪುಟ ಮಾತ್ರ ಎರಡೇ ನಿಮಿಷಕ್ಕೆ ಸಿಕ್ಕಿತು. ಅವನಿಂದ ಬಿಡಿಸಿಕೊಳ್ಳಲು ಹಾಕಿದ ಕೇಸಿನಲ್ಲೂ ಅಕ್ಕನ ಹೆಸರಿನ ಮುಂದೆ ‘ಕೋಂ’ ಇತ್ತು! ಸಿಟ್ಟು ನೆತ್ತಿಗೇರಿ ಗುಮಾಸ್ತರ ಮೇಲೆ ಹರಿಹಾಯ್ದೆ.

“ಅರ್ಜಿಗೆ ಸ್ಟ್ಯಾಂಪ್ ಅಂಟಿಸಮ್ಮಾ,” ಎಂದರು ಅವರು, ಬೇಸರಿಸಿಕೊಳ್ಳದೆ. “ಈ ಕೇಸಲ್ಲಿ ನೀನು ಪಾರ್ಟಿ ಅಲ್ವಲ್ಲ, ನಕಲು ಯಾಕೆ ಬೇಕು ಅಂತ ಅಫಿಡವಿಟ್ಟೂ ಕೊಡ್ಬೇಕು.”

ಅಕ್ಕ ಸತ್ತಿದ್ದಾಳೆ ಎಂದು ನಾನು ಮೊದಲ ಸಲ ಬರೆದದ್ದು ಆ ಕಾಗದದಲ್ಲಿ.

ಮೂರು ವಾರಕ್ಕೆ ನಕಲು ಬಂತು. ಮರಣ ಪ್ರಮಾಣಪತ್ರದಲ್ಲಿ ಅವನ ಹೆಸರು ಹೋಗಿ ಅಪ್ಪನ ಹೆಸರು ಕೂತಿತು. ಅಂದು ಸಂಜೆ ಅಮ್ಮ ತೀರ್ಪನ್ನು ಪೂರ್ತಿ ಓದಿಸಿಕೊಂಡಳು. ಅವನ ಹೆಸರು ಬಂದಲ್ಲೆಲ್ಲ ನುಂಗಿಕೊಂಡು ಓದಿದೆ. ಕೊನೆಯ ಪುಟದಲ್ಲಿ ಸಾಕ್ಷಿಗಳ ಪಟ್ಟಿಯಿತ್ತು. ಅಲ್ಲಿ ನಿಲ್ಲಿಸಿದೆ. ವಿಚಾರಣೆಯ ದಿನ ಜೊತೆಗೆ ಬನ್ನಿ, ಕಂಡದ್ದನ್ನು ಹೇಳಿ ಎಂದು ಅಕ್ಕ ಅಮ್ಮನನ್ನೂ ನನ್ನನ್ನೂ ಬೇಡಿಕೊಂಡಿದ್ದಳು. ಮಾನ ಹೋಗುತ್ತೆ ಎಂದು ಅಪ್ಪ ಗದರಿದ್ದರು. ನಾವು ಹೋಗಿರಲಿಲ್ಲ.

“ಸಾಕ್ಷಿ ಯಾರಂತೆ?” ಅಮ್ಮ ಕೇಳಿದಳು.

“ಅಕ್ಕ.”

“ಇನ್ಯಾರು?”

“ಅಕ್ಕ ಒಬ್ಳೇ ಅಮ್ಮ.”

ಅಮ್ಮ ಆ ಪುಟವನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಇದನ್ನೂ ತಿದ್ದಿಸೋಕಾಗುತ್ತೇನೇ?” ಎಂದಳು.