ಅಮಾವಾಸ್ಯೆಗೆ ಮಾತ್ರ ಸರಿ

ಕಂಪ್ಯೂಟರ್ ರಿಪೇರಿ ದೊರೆಸ್ವಾಮಿ ಕೂತಲ್ಲಿ ಕೂರುವವನಲ್ಲ. ಅಂಥವನ ನಿದ್ದೆ ಕೆಡಿಸಿದ್ದು ಕೊಳ್ಳೇಗಾಲದ ನೇಕಾರ್ತಿ ಭಾಗ್ಯಮ್ಮನ ಕಂಪ್ಯೂಟರ್. ಸೀರೆಯ ಡಿಸೈನನ್ನು ತೆರೆದಿಟ್ಟುಕೊಂಡರೆ ಅದು ಬೀಪ್ ಬೀಪ್ ಎಂದು ಅರಚಿ ಕಪ್ಪಾಗುತ್ತಿತ್ತು. ಇವನು ಬಂದರೆ ಮಾತ್ರ ಸಲೀಸಾಗಿ ಶುರುವಾಗುತ್ತಿತ್ತು, ಬಿಚ್ಚಲು ನೆವವೇ ಇಲ್ಲ. ಭಾಗ್ಯಮ್ಮ ಅವನನ್ನು ಕರೆಯುತ್ತಿದ್ದುದು ಅಮಾವಾಸ್ಯೆಗೆ, ಮಗ್ಗಕ್ಕೆ ಅಂದೇ ಬಿಡುವು.

ಈ ಸಲವೂ ಹಾಗೇ ಆದಾಗ ರೇಗಿಹೋಗಿ, ಮರುದಿನ ಹೇಳದೆ ಕೇಳದೆ ನುಗ್ಗಿದ. ಮಗ್ಗ ದಡದಡ ಬಡಿಯುತ್ತಿತ್ತು, ಪಕ್ಕದ ಮೇಜು ನಡುಗುತ್ತಿತ್ತು, ಕಂಪ್ಯೂಟರ್ ಅರಚುತ್ತಿತ್ತು. ಬಿಚ್ಚಿದರೆ ಒಳಗೆ ಮೆಮೊರಿ ಪಟ್ಟಿಯಾದ ರ‍್ಯಾಮ್ ಲೊಡಲೊಡ.

“ಮಗ್ಗದ ಏಟ್ಗೆ ರ‍್ಯಾಮ್ ಅಲ್ಲಾಡ್ತದೆ ಕಣಮ್ಮ! ಕಂಪ್ಯೂಟರ್ ಬೇಕಂದ್ರೆ ಮಗ್ಗ ನಿಲ್ಸಿ!”

ಭಾಗ್ಯಮ್ಮ ಕೈ ನಿಲ್ಲಿಸಲಿಲ್ಲ. “ಮೇಜ ಅತ್ಲಾಗ್ ತಳ್ಳು. ಮಗ್ಗ ನಿಂತ್ಮೇಲೆ ಡಿಸೈನು ಯಾರ್ಗ್ಲಾ ಬೇಕು?”