ಸುಮಂಗಲಕ್ಕನ ಓಹಾಯೋ

‘ಎಲ್ಲರೂ’ ಎಂಬ ಮಾತು ಕಿವಿಗೆ ಬಿದ್ದರೆ ಸುಮಂಗಲಕ್ಕನಿಗೆ ಸಿಟ್ಟು ಬರುತ್ತಿತ್ತು. “ಎಲ್ಲಾರೂ ಅಂದ್ರ ಯಾರವಾ? ಒಬ್ಬರ ಹೆಸರ ಹೇಳು” ಎಂದು ಕನ್ನಡಕವನ್ನು ಹಣೆಗೇರಿಸಿ ದುರುಗುಟ್ಟಿ ನೋಡುವರು.

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಮೈಸೂರಿನಿಂದ ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ಗೆ ಬಂದ ಹೊಸತು. ಸುಮಂಗಲಕ್ಕ ನನ್ನ ಪಕ್ಕದ ಮನೆಯವರು. ಧಾರವಾಡದ ಹೆಣ್ಣುಮಗಳು, ಅಮೆರಿಕದ ಓಹಾಯೋ ರಾಜ್ಯದ ಒಂದು ಕಾರ್ಖಾನೆಯ ಊರಿನಲ್ಲಿ ಅರ್ಧ ಆಯುಷ್ಯ ಡಾಕ್ಟರಾಗಿದ್ದು, ಅಲ್ಲಿನ ಪೌರತ್ವ ಪಡೆದು, ಗಂಡ ತೀರಿಕೊಂಡ ಮೇಲೆ ಸಂಶೋಧನೆಗೆಂದು ಮ್ಯೂನಿಕ್‌ಗೆ ಬಂದಿದ್ದರು. “ಇಲ್ಲಿ ಎಲ್ಲರೂ ಮುಖ ಗಂಟಿಕ್ಕೊಂಡೇ ಇರ್ತಾರಕ್ಕ” ಎಂದು ನಾನೊಮ್ಮೆ ಅಂದಿದ್ದಕ್ಕೆ ಕೈಹಿಡಿದು ಎಳೆದೊಯ್ದು ಕೆಳಮನೆಯ ಅಜ್ಜಿಯ ಬಾಗಿಲು ಬಡಿದರು. ಆ ಅಜ್ಜಿ ನಗುತ್ತ ಕೊಟ್ಟ ಹಣ್ಣಿನ ಜಾಮ್ ಬಾಟಲಿ ಹಿಡಿದು ಮೇಲೆ ಬಂದೆ.

ಆ ವರ್ಷ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಅಕ್ಕನ ಪಕ್ಷದ ಬೆಂಬಲಿಗರ ಸಂಘವೊಂದು ಮ್ಯೂನಿಕ್‌ನಲ್ಲಿತ್ತು. ಮಿಡ್‌ವೆಸ್ಟಿನ ಓಹಾಯೋ ಯಾವ ಕಡೆಗಾದರೂ ವಾಲಬಹುದು, ಅದು ಕೈತಪ್ಪಿದರೆ ಚುನಾವಣೆಯೇ ಕೈತಪ್ಪೀತು ಎಂದು ದಾರಿಯುದ್ದಕ್ಕೂ ಹೇಳುತ್ತ ನನ್ನನ್ನೂ ಸಭೆಗೆ ಕರೆದೊಯ್ದರು. ಅಲ್ಲಿ ಸಂಘದ ಮುಖ್ಯಸ್ಥ ಗೋಡೆಯ ನಕ್ಷೆ ತಟ್ಟಿ, “ಓಹಾಯೋ ನಮ್ಮದೇ” ಎಂದ.

ಅಕ್ಕ ಎದ್ದು ನಿಂತರು. ನನ್ನ ಹಳೆಯ ರೋಗಿಗಳಿಗೆ ಫೋನ್ ಮಾಡಿದ್ದೇನೆ, ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಪಕ್ಷದ ಮೇಲೆ ನಂಬಿಕೆ ಹೋಗಿದೆ, ಇಲ್ಲಿಂದಲೇ ದಿನಾ ಒಬ್ಬೊಬ್ಬರನ್ನೂ ಮಾತಾಡಿಸೋಣ ಎಂದರು. ಆತ ನಕ್ಕ. “ಸಮೀಕ್ಷೆಗಳೆಲ್ಲ ನಮ್ಮ ಕಡೆಗಿವೆ ಡಾಕ್ಟರ್. ಈಗ ಗೆಲುವಿನ ಉಪಾಹಾರಕ್ಕೆ ಹಾಲ್ ಗೊತ್ತುಮಾಡಬೇಕು.” ಉಳಿದ ಹೊತ್ತೆಲ್ಲ ಕೇಕು ಎಷ್ಟು ದೊಡ್ಡದಿರಬೇಕೆಂಬ ಚರ್ಚೆ.

“ಬಿಡಿ ಅಕ್ಕ, ಸರ್ವೆ ಮಾಡಿರೋರಿಗೆ ಗೊತ್ತಿರತ್ತೆ ಅಲ್ವಾ?” ಎಂದೆ, ಎಸ್-ಬಾನ್ ರೈಲಿನಲ್ಲಿ.

“ನಕಾಶಿ ನೋಡ್ಯಾರ, ಮಂದಿನ್ನ ನೋಡಿಲ್ಲ. ನೀ ನಂಗ ಅಮೆರಿಕಾಕ್ಕ ಫೋನ್ ಮಾಡೂ ಕಾಲಿಂಗ್ ಕಾರ್ಡ್ ತಂದುಕೊಡು. ನಾ ಒಬ್ಬಾಕಿನ ಮಾಡ್ತೀನಿ.”

ಮಾಡಿದರು, ದಿನಾ ಸಂಜೆ. ಒಬ್ಬ ಮುದುಕ ವೆಲ್ಡರ್, “ನಮ್ಮನ್ನು ಕೇಳಿದ್ದು ನೀವೊಬ್ಬರೇ, ಆದರೂ ವೋಟು ಕೊಡಲಾರೆ” ಎಂದನಂತೆ. “ಮತ್ತೆ ನೀವೇನಂದಿರಿ?” ಎಂದೆ. “ವೋಟಿರಲಿ, ಸೊಂಟನೋವು ಹೆಂಗದಪಾ ಅಂದೆ.”

ಫಲಿತಾಂಶದ ಬೆಳಿಗ್ಗೆ ಹಾಲ್‌ನ ಟಿವಿಯಲ್ಲಿ ಓಹಾಯೋ ಎದುರು ಪಕ್ಷದ ಪಾಲಾಗುತ್ತಿತ್ತು. ಕೇಕು ಡಬ್ಬಿಯಲ್ಲೇ ಉಳಿಯಿತು. “ಮೂರ್ಖರು! ತಮ್ಮ ಹಿತ ತಮಗೇ ತಿಳಿಯದ ಜನ” ಎಂದ ಮುಖ್ಯಸ್ಥ. ಹಲವರು ತಲೆದೂಗಿದರು. ಅಕ್ಕ ಹೋಗಿ ಟಿವಿಗೆ ಅಡ್ಡ ನಿಂತು ಇಂಗ್ಲಿಷಿನಲ್ಲಿ, “ಅವರು ನನ್ನ ಊರಿನವರು. ಅವರನ್ನು ಮಾತಾಡಿಸಲು ನಿಮಗೆ ಪುರುಸೊತ್ತಿರಲಿಲ್ಲ. ಬೈಯಲು ಮಾತ್ರ ಇದೆಯೇ? ನನ್ನೆದುರಿಗೆ ಬೈಯಕೂಡದು” ಎಂದರು. “ಸೋತ ದಿನ ಇದೆಲ್ಲ ಯಾಕೆ?” ಎಂದು ಯಾರೋ ಗೊಣಗಿದರು. “ಗೆದ್ದೆವೆಂದುಕೊಂಡ ದಿನ ಹೇಳಿದ್ದೆ, ಕೇಳಲಿಲ್ಲವಲ್ಲ!” ಎಂದರು ಅಕ್ಕ.

ಇನ್ನಷ್ಟು ಕಾಲ ಇರಿ ಎಂದು ಸಂಶೋಧನಾಲಯದವರು ಕೇಳಿಕೊಂಡರೂ ಅಕ್ಕ ಒಪ್ಪಲಿಲ್ಲ. ಓಹಾಯೋದ ತಮ್ಮ ಊರಿಗೇ ಹೋಗಿ ಮನೆಮನೆಗೂ ಹೋಗಿ ಜನರನ್ನು ಮಾತಾಡಿಸುತ್ತೇನೆಂದು ಮರುವಸಂತಕ್ಕೆ ಮನೆ ಖಾಲಿ ಮಾಡಿದರು. ವಿಮಾನ ನಿಲ್ದಾಣದಲ್ಲಿ, “ಈ ವಯಸ್ಸಲ್ಲಿ ಮನೆಮನೆ ಸುತ್ತಿ ಗೆಲ್ಲಿಸ್ತೀರಾ?” ಎಂದೆ.

“ಗೆಲ್ಲತೀವೋ ಇಲ್ಲೋ, ಯಾರಿಗೆ ಗೊತ್ತು? ಮಂದಿನ್ನ ಕೇಳದ ಮಾತ್ರ ಇನ್ನ ಸೋಲೂದಿಲ್ಲ” ಎಂದು ನನ್ನ ಕೆನ್ನೆ ತಟ್ಟಿ ಹೊರಟುಹೋದರು.

ಆಮೇಲೆ ನಾನು ಅವರನ್ನು ನೋಡಿಲ್ಲ. ಓಹಾಯೋದ ಮನೆಗೆ ಫೋನ್ ಮಾಡಿದಾಗಲೆಲ್ಲ ಸಿಗುತ್ತಿದ್ದುದು ರೆಕಾರ್ಡ್ ಮಾಡಿಟ್ಟ ದನಿ. ಮೊದಲು ಇಂಗ್ಲಿಷಿನಲ್ಲಿ, ಬಳಿಕ, ನಮ್ಮಂಥವರಿಗೆಂದೇ ಇರಬೇಕು, ಕನ್ನಡದಲ್ಲಿ: “ಸುಮಂಗಲಾ ಮನ್ಯಾಗಿಲ್ಲ. ಓಣ್ಯಾಗ ಅದಾಳ.”